ಒಂದೇ ಒಂದನ್ನು ಬದಲಿಸಿ ನೋಡಿ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಭರ್ತಿಯಾದಾಗ ಗೇಟು ಎತ್ತಲು ಯಾರೂ ಓಡಬೇಕಿಲ್ಲ. ಶಿಂಷಾ ನದಿಗೆ ಅಡ್ಡಲಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಈ ಅಣೆಕಟ್ಟೆಗೆ ಸ್ವಯಂಚಾಲಿತ ಸೈಫನ್ ಇದೆ. ನೀರು ನಿಗದಿತ ಮಟ್ಟ ಮುಟ್ಟಿತೆಂದರೆ ಸೈಫನ್ ತಾನಾಗಿ ಹರಿಯತೊಡಗಿ, ಹೆಚ್ಚುವರಿ ನೀರನ್ನು ಆಚೆಗೆ ಹಾಕುತ್ತದೆ. ಇದರ ಥರ್ಮಾಕೋಲ್ ಮಾದರಿ ಮಾಡಿ, ನೀಲಿ ಬಣ್ಣ ಬಳಿದು, ವಿಜ್ಞಾನ ಪ್ರದರ್ಶನದಲ್ಲಿ ಇಡುವುದು ಸುಲಭ. ಒಂದು ಬಕೆಟ್, ಒಂದು ಪ್ಲಾಸ್ಟಿಕ್ ಪೈಪು ಹಿಡಿದು ಅದೇ ಸೈಫನ್ ಬಗ್ಗೆ ಪ್ರಶ್ನೆ ಕೇಳುವುದು ಅಷ್ಟು ಸುಲಭವಲ್ಲ. ಪೈಪಿನ ಹೊರಬಾಯಿಯನ್ನು ಇನ್ನಷ್ಟು ಕೆಳಗಿಳಿಸಿದರೆ ನೀರು ಎಷ್ಟು ಬೇಗ ಬರುತ್ತದೆ?

ಈ ಪ್ರಶ್ನೆಯನ್ನು ಏಳನೇ ತರಗತಿಯ ಮಗುವಿನ ಕೈಗೆ ಕೊಟ್ಟು ನೋಡಿ. ಬದಲಿಸಬೇಕಾದದ್ದು ಒಂದೇ: ಬಕೆಟ್ಟಿನ ನೀರಿನ ಮಟ್ಟದಿಂದ ಪೈಪಿನ ಹೊರಬಾಯಿ ಎಷ್ಟು ಕೆಳಗಿದೆ ಎಂಬುದು. ಪಠ್ಯಪುಸ್ತಕದ ಮಾತಿನಲ್ಲಿ ಅದು ಸ್ವತಂತ್ರ ಚರ. ಅಳೆಯಬೇಕಾದದ್ದು, ಒಂದು ಲೀಟರ್ ಬಾಟಲಿ ತುಂಬಲು ಹಿಡಿಯುವ ಸೆಕೆಂಡುಗಳು. ಅದು ಅವಲಂಬಿತ ಚರ. ಪೈಪು, ಅದರ ಉದ್ದ, ಬಾಟಲಿ, ನೀರು ಎಲ್ಲವೂ ಕಡೆಯವರೆಗೆ ಅವೇ ಇರಬೇಕು. ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಶುರುಮಾಡಿದ ಮಗುವಿಗೆ ಸ್ವಲ್ಪ ಹೊತ್ತಿನಲ್ಲೇ ಒಂದು ತೊಡಕು ಎದುರಾಗುತ್ತದೆ. ಹೊರಬಾಯಿ ಇದ್ದಲ್ಲೇ ಇದ್ದರೂ ಮೂರನೇ ಬಾಟಲಿ ಮೊದಲನೆಯದಕ್ಕಿಂತ ನಿಧಾನವಾಗಿ ತುಂಬುತ್ತದೆ! ನೀರು ಹೊರಗೆ ಬಂದಷ್ಟೂ ಬಕೆಟ್ಟಿನ ಮಟ್ಟ ಇಳಿಯುತ್ತಿದೆ. ನಾವು ಮುಟ್ಟದೆ ಇದ್ದದ್ದು ತಾನೇ ಬದಲಾಗುತ್ತಿದೆ.

ಪ್ರಯೋಗವೆಂಬುದು ನಿಜವಾಗಿ ಶುರುವಾಗುವುದು ಈ ಗಳಿಗೆಯಲ್ಲಿ. ಇಲ್ಲಿ ಶಿಕ್ಷಕರು ಉತ್ತರ ಹೇಳಿಬಿಡಬಾರದು. ಬಕೆಟ್ಟಿಗೆ ಚೆಂಬಿನಿಂದ ನೀರು ಸುರಿಯುತ್ತಾ ಮಟ್ಟ ಕಾಯುವುದೋ, ನಲ್ಲಿಯ ಕೆಳಗಿಟ್ಟು ಅಂಚಿನಲ್ಲಿ ಸದಾ ಸ್ವಲ್ಪ ತುಳುಕುವಂತೆ ಮಾಡುವುದೋ, ಮಕ್ಕಳೇ ಯೋಚಿಸಲಿ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಆಳ ನಾಲ್ಕು ಪಟ್ಟಾದಾಗ ನೀರಿನ ವೇಗ ಎರಡು ಪಟ್ಟಾಗಬೇಕು, ಬಾಟಲಿ ಅರ್ಧ ಸಮಯದಲ್ಲಿ ತುಂಬಬೇಕು. ಸಣ್ಣ, ಉದ್ದದ ಪೈಪಿನಲ್ಲಿ ಒಳಮೈಯ ಘರ್ಷಣೆ ಸೇರಿಕೊಂಡು ಈ ಲೆಕ್ಕ ಹೊಂದುವುದಿಲ್ಲ. ಹೊಂದದ ಆ ಅಂಕಿಯನ್ನು ತಿದ್ದದೆ ಹಾಗೇ ಬರೆದಿಡುವ ಮಗುವಿಗೆ ಮುಂದಿನ ಪ್ರಶ್ನೆ ತಾನಾಗಿ ಸಿಗುತ್ತದೆ: ಈಗ ಆಳವನ್ನು ಹಾಗೇ ಬಿಟ್ಟು, ಪೈಪಿನ ಉದ್ದವನ್ನು ಬದಲಿಸಿದರೆ?

ಒಂದನ್ನೇ ಬದಲಿಸಿ ಉಳಿದುದನ್ನು ಹಾಗೇ ಇಡುವ ಈ ನಿಯಮ ಹಳೆಯದು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ಕಾಯಿಲೆಯ ಹನ್ನೆರಡು ನಾವಿಕರನ್ನು ಆರು ಜೋಡಿ ಮಾಡಿದ. ಕಾಯಿಲೆಯ ಲಕ್ಷಣ ಆದಷ್ಟೂ ಒಂದೇ ತೆರನಾಗಿದ್ದವರನ್ನು ಆರಿಸಿ, ಒಂದೇ ಜಾಗದಲ್ಲಿ ಮಲಗಿಸಿ, ಒಂದೇ ಊಟ ಹಾಕಿಸಿ, ಜೋಡಿಗೊಂದರಂತೆ ಬೇರೆ ಬೇರೆ ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. ಉಳಿದುದೆಲ್ಲ ಸಮನಾಗಿದ್ದುದರಿಂದಲೇ ಆ ಹಣ್ಣಿನ ಗುಣ ಎದ್ದು ಕಂಡಿತು.

ನಮ್ಮ ಪ್ರದರ್ಶನಗಳಲ್ಲಿ ಕಾಣುವ ಒಂದು ಜನಪ್ರಿಯ ಪ್ರಯೋಗವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಎರಡು ಕುಂಡ, ಎರಡು ಗಿಡ. ಒಂದಕ್ಕೆ ದಿನವೂ ಸಂಗೀತ, ಇನ್ನೊಂದಕ್ಕೆ ಇಲ್ಲ. ಸಂಗೀತ ಕೇಳಿದ ಗಿಡ ಎತ್ತರ ಬೆಳೆಯಿತು ಎಂದು ಚಾರ್ಟು ಹೇಳುತ್ತದೆ. ಆ ಗಿಡ ಕಿಟಕಿಯ ಬಳಿ ಇತ್ತೇ? ಹಾಡು ಹಾಕಲು ಹೋದಾಗಲೆಲ್ಲ ನೀರೂ ಹಾಕುತ್ತಿದ್ದರೇ? ಎರಡು ಬೀಜದಲ್ಲಿ ಒಂದು ಮೊದಲೇ ಗಟ್ಟಿಮುಟ್ಟಾಗಿತ್ತೇ? ಒಂದೊಂದೇ ಗಿಡ ಇಟ್ಟುಕೊಂಡರೆ ಇದಕ್ಕೆ ಉತ್ತರ ಸಿಗಲಾರದು. ನಮ್ಮ ರಾಗಿ ಕೈಗೆ ಒದಗುವುದು ಇಂಥಲ್ಲೇ. ಚಿಟಿಕೆ ರಾಗಿಯಲ್ಲಿ ನೂರು ಬೀಜ ಸಿಗುತ್ತವೆ. ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಮೊಳಕೆಯ ಪ್ರಮಾಣ ನೋಡಲು ಸಾಮಾನ್ಯವಾಗಿ 400 ಬೀಜ ಬಳಸುತ್ತಾರೆ. ಶಾಲೆಗೆ ಒದ್ದೆ ಬಟ್ಟೆಯ ಮೇಲೆ ಐವತ್ತೈವತ್ತು ಸಾಕು. ಯಾವ ಬಟ್ಟೆ ಯಾವ ಮೂಲೆಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಲಿ. ಮೊಳಕೆ ಎಣಿಸುವ ಕೆಲಸವನ್ನು ಯಾವ ಬಟ್ಟೆಗೆ ಏನು ಹಾಕಿದೆ ಎಂದು ಗೊತ್ತಿಲ್ಲದ ಗೆಳತಿಗೆ ಒಪ್ಪಿಸಲಿ. ನಮಗೆ ಬೇಕಾದದ್ದು ನಮ್ಮ ಕಣ್ಣಿಗೆ ಸ್ವಲ್ಪ ಹೆಚ್ಚೇ ಕಾಣುತ್ತದೆ.

ರಾಗಿಯಲ್ಲೇ ಇನ್ನೊಂದು ಎಚ್ಚರಿಕೆ. ಒಂದು ಕುಂಡದಲ್ಲಿ ಜಿಪಿಯು-28 ತಳಿಗೆ ಎರೆಗೊಬ್ಬರ, ಇನ್ನೊಂದರಲ್ಲಿ ಎಂಎಲ್-365 ತಳಿಗೆ ಕೊಟ್ಟಿಗೆ ಗೊಬ್ಬರ ಹಾಕಿ ಹೋಲಿಸಿದರೆ, ಗೆದ್ದದ್ದು ತಳಿಯೋ ಗೊಬ್ಬರವೋ ಹೇಳಲು ಯಾರಿಂದಲೂ ಆಗುವುದಿಲ್ಲ.

ತಳಿಯ ಗುಣವನ್ನು ಹಾಗೇ ಹಿಡಿದಿಡುವುದು ಎಷ್ಟು ಮುಖ್ಯ ಎಂಬುದಕ್ಕೆ ಗುಬ್ಬಿ ತಾಲ್ಲೂಕಿನ ಚೇಳೂರಿನ 'ಸಿದ್ದು' ಹಲಸು ಸಾಕ್ಷಿ. ರೈತ ಪರಮೇಶ್ ಅವರ ತೋಟದ ಒಂದೇ ಒಂದು ಮರ. ತಾಮ್ರದ ಕೆಂಪಿನ ತೊಳೆ, ಎರಡೂವರೆ ಕೆ.ಜಿ. ಆಸುಪಾಸಿನ ಪುಟ್ಟ ಹಣ್ಣು. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ, ಪರಮೇಶ್ ಅವರ ತಂದೆ ಸಿದ್ದಪ್ಪನವರ ನೆನಪಿಗೆ 'ಸಿದ್ದು' ಎಂದು ಹೆಸರಿಟ್ಟಿತು. ಅದರ ಬೀಜ ಬಿತ್ತಿದರೆ ಅದೇ ಹಣ್ಣು ಬರುತ್ತದೆಂಬ ಭರವಸೆಯಿಲ್ಲ, ಏಕೆಂದರೆ ಹಲಸಿನದು ಪರಕೀಯ ಪರಾಗಸ್ಪರ್ಶ. ಅದಕ್ಕೇ ರೈತರಿಗೆ ಸಿಗುವುದು ಕಸಿ ಗಿಡ. ಒಂದು ತಾಯಿ ಮರದ ಕಸಿಗಳೆಲ್ಲ ಆನುವಂಶಿಕವಾಗಿ ಒಂದೇ. ಅವನ್ನು ಕೆಮ್ಮಣ್ಣಿನಲ್ಲೊಂದಷ್ಟು, ಕಪ್ಪು ಮಣ್ಣಿನಲ್ಲೊಂದಷ್ಟು ನೆಟ್ಟು, ನೀರು ಗೊಬ್ಬರ ಸಮನಾಗಿ ಕೊಟ್ಟರೆ, ಬೆಳವಣಿಗೆಯ ವ್ಯತ್ಯಾಸವನ್ನು ಮಣ್ಣಿನ ಲೆಕ್ಕಕ್ಕೆ ಹಾಕಬಹುದು. ತುಮಕೂರಿನ ಮಕ್ಕಳಿಗೆ ಇಂಥ ಕೆಲಸವನ್ನು ಕಣ್ಣಾರೆ ನೋಡುವ ಅವಕಾಶ ಹತ್ತಿರದಲ್ಲೇ ಇದೆ. ಇದೇ ಸಂಸ್ಥೆಯ ಪ್ರಯೋಗ ಕೇಂದ್ರ ಹಿರೇಹಳ್ಳಿಯಲ್ಲಿದೆ. ಶಾಲಾ ಪ್ರವಾಸದ ಪಟ್ಟಿಯಲ್ಲಿ ದೇವರಾಯನದುರ್ಗದ ಜೊತೆಗೆ ಇದನ್ನೂ ಸೇರಿಸಬೇಕು.

ಒಂದನ್ನೇ ಬದಲಿಸು ಎಂಬುದು ಮೊದಲ ಪಾಠ, ಕೊನೆಯದಲ್ಲ. ನೀರಿಲ್ಲದ ಹೊಲದಲ್ಲಿ ಗೊಬ್ಬರ ಫಲ ಕೊಡದು. ಎರಡನ್ನೂ ಕೂಡಿಸಿ ಬದಲಿಸಿದಾಗ ಮಾತ್ರ ಕಾಣುವ ಸಂಗತಿಗಳಿವೆ. ಅನೇಕ ಚರಗಳನ್ನು ಒಟ್ಟಿಗೆ ಬದಲಿಸಿಯೂ ಒಂದೊಂದರ ಪಾಲನ್ನು ಬೇರ್ಪಡಿಸಿ ತೆಗೆಯುವ ವಿನ್ಯಾಸಗಳನ್ನು ಇಂಗ್ಲೆಂಡಿನ ಆರ್.ಎ. ಫಿಶರ್ ಹೊಲಗಳಲ್ಲೇ ರೂಪಿಸಿದರು; ಅವರ ಪ್ರಯೋಗ ವಿನ್ಯಾಸದ ಪುಸ್ತಕ ಬಂದದ್ದು 1935ರಲ್ಲಿ. ಮುಂದೆ ಕಾರ್ಖಾನೆಗಳವರೆಗೂ ತಲುಪಿದ 'ಆರ್ಥಾಗನಲ್ ಅರೇ' ಎಂಬ ವಿನ್ಯಾಸವನ್ನು 1940ರ ದಶಕದಲ್ಲಿ ಕೊಟ್ಟ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು.

ವೇದಿಕೆಗಳಿಗೆ ಕೊರತೆಯಿಲ್ಲ. 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆಯುತ್ತಿದೆ. ತಮ್ಮ ಊರಿನ ಸಮಸ್ಯೆಯನ್ನು ಹಿಡಿದು ಮಕ್ಕಳು ತಾವೇ ಮಾಹಿತಿ ಕಲೆಹಾಕಿ ಮಂಡಿಸಬೇಕು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದಕ್ಕಾಗಿ ನಮ್ಮಲ್ಲಿ ದುಡಿದಿದೆ, 'ಬಾಲ ವಿಜ್ಞಾನ' ಪತ್ರಿಕೆಯನ್ನೂ ಹೊರತಂದಿದೆ. ಇನ್‌ಸ್ಪೈರ್ ಪ್ರಶಸ್ತಿಗೆ ಆಯ್ಕೆಯಾದ ವಿದ್ಯಾರ್ಥಿಯ ಖಾತೆಗೆ 10,000 ರೂಪಾಯಿ ಬರುತ್ತದೆ. ಕೊರತೆ ಇರುವುದು ತೀರ್ಪಿನಲ್ಲಿ. ಬಣ್ಣ ಬಳಿದ ದೊಡ್ಡ ಮಾದರಿಯ ಮುಂದೆ ನಿಲ್ಲುವಷ್ಟು ಹೊತ್ತು ತೀರ್ಪುಗಾರರು ಮಣ್ಣು ಮೆತ್ತಿದ ನೋಟ್‌ಬುಕ್ಕಿನ ಮುಂದೆ ನಿಲ್ಲುವುದಿಲ್ಲ. 'ವ್ಯತ್ಯಾಸ ಕಾಣಲಿಲ್ಲ' ಎಂದು ಪ್ರಾಮಾಣಿಕವಾಗಿ ಬರೆದ ಮಗುವಿಗೆ ಬಹುಮಾನ ಸಿಗುವುದು ಅಪರೂಪ. ಆ ಸಾಲೂ ಫಲಿತಾಂಶವೇ.

ಈ ವರ್ಷ ಪ್ರದರ್ಶನಕ್ಕೆ ತೀರ್ಪುಗಾರರಾಗಿ ಹೋಗುವ ಶಿಕ್ಷಕರಲ್ಲಿ, ಮಕ್ಕಳ ಜೊತೆ ರಾತ್ರಿ ಕೂತು ಥರ್ಮಾಕೋಲ್ ಕತ್ತರಿಸುವ ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಪ್ರತಿ ಮಗುವನ್ನೂ ಮೂರು ಮಾತು ಕೇಳಿ: ಏನನ್ನು ಬದಲಿಸಿದೆ, ಏನನ್ನು ಅಳೆದೆ, ಯಾವುದನ್ನು ಬದಲಾಗದಂತೆ ಕಾಯ್ದೆ? ಅದಕ್ಕೆ ಉತ್ತರ ಹೇಳಬಲ್ಲ ಮಗುವಿಗೆ ಮೊದಲ ಬಹುಮಾನ ಕೊಡಿ.