ಗುಜರಿಯ 454 ಅಗ್ಗವೆಂದು ಯಾರು ಹೇಳಿದ್ದು?

ಅಮೆರಿಕದ ಹಳೆಯ ಷೆವೆಲ್ ಕಾರಿನ ಮೋಹಕ್ಕೆ ಬಿದ್ದವರು ಯಾರೇ ಸಿಗಲಿ, ಒಂದು ಮಾತು ಬಂದೇ ಬರುತ್ತದೆ: "ಗುಜರಿಯಲ್ಲಿ ಟ್ರಕ್ಕಿನ 454 ಎಂಜಿನ್ ಪುಡಿಗಾಸಿಗೆ ಸಿಗುತ್ತೆ. 350 ಇಳಿಸಿ ಅದನ್ನ ಕೂರಿಸಿದ್ರಾಯ್ತು." ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಪೂರ್ತಿ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅರ್ಧ ನಿಜವಾಗಿರುವುದೇ ತೊಂದರೆ.

ಷೆವರ್ಲೆಯ ಸ್ಮಾಲ್ ಬ್ಲಾಕ್ (350 ಘನ ಇಂಚಿನದು ಈ ಜಾತಿ), ಬಿಗ್ ಬ್ಲಾಕ್ (454 ಘನ ಇಂಚಿನದು ಈ ಜಾತಿ) ಎರಡಕ್ಕೂ ಗೇರ್‌ಬಾಕ್ಸ್ ಕಚ್ಚುವ ಬೋಲ್ಟುಗಳ ಅಳತೆ ಒಂದೇ. ಬ್ಲಾಕಿನ ಪಕ್ಕದ ಮೌಂಟ್ ತೂತುಗಳೂ ಹಾಗೆಯೇ. ಕಂಪನಿಯೇ 1970ರಲ್ಲಿ ಷೆವೆಲ್‌ಗೆ 454 ಹಾಕಿ ಮಾರಿತ್ತು. ಹಾಗಾಗಿ ಎಂಜಿನ್ ಕೂರುತ್ತದೆ, ತಕರಾರಿಲ್ಲ. ಖರ್ಚು ಶುರುವಾಗುವುದೇ ಕೂತ ಮೇಲೆ.

454 ಎಂದ ಕೂಡಲೇ ಜನರ ತಲೆಗೆ ಬರುವುದು 1970ರ ಎಲ್ಎಸ್6, ಅದರ 450 ಅಶ್ವಶಕ್ತಿ. ಅದು ಗ್ರಾಸ್ ಲೆಕ್ಕ. ಫ್ಯಾನು, ಏರ್ ಫಿಲ್ಟರು, ಕಾರಿನ ಸೈಲೆನ್ಸರು ಯಾವುದೂ ಇಲ್ಲದೆ ಬೆಂಚಿನ ಮೇಲೆ ಅಳೆದದ್ದು. ಗುಜರಿಗೆ ಬರುವುದು ಆ ಎಂಜಿನ್ ಅಲ್ಲ. ಪಿಕಪ್ಪು, ಮೋಟರ್‌ಹೋಮ್ ಎಳೆದು ಸವೆದದ್ದು. ಕಂಪ್ರೆಷನ್ ಕಡಿಮೆ, ಎಷ್ಟೋ ಹೆಡ್ಡುಗಳ ಪೋರ್ಟು ಕಿರಿದು, ನೆಟ್ ಲೆಕ್ಕದಲ್ಲಿ 230ರಿಂದ 250 ಅಶ್ವಶಕ್ತಿ. ಭಾರ ಎಳೆಯಲು ಗಟ್ಟಿಗ, ಓಟಕ್ಕಲ್ಲ. ಓಡಬೇಕೆಂದರೆ ಬೋರ್ ಮಾಡಿಸಬೇಕು, ಪಿಸ್ಟನ್, ಕ್ಯಾಮ್, ಹೆಡ್ ಬದಲಿಸಬೇಕು. ಪುಡಿಗಾಸು ಅಲ್ಲಿಗೇ ಮುಗಿಯಿತು.

ಆಮೇಲೆ ಪಟ್ಟಿ ಹನುಮಂತನ ಬಾಲದಂತೆ ಬೆಳೆಯುತ್ತದೆ. ಎರಕದ ಕಬ್ಬಿಣದ ಬಿಗ್ ಬ್ಲಾಕ್ 350ಕ್ಕಿಂತ ಸುಮಾರು 50 ಕೆ.ಜಿ. ಭಾರ, ಅದೆಲ್ಲ ಮುಂದಿನ ಚಕ್ರಗಳ ಮೇಲೆ. ಸ್ಪ್ರಿಂಗ್ ಬದಲಿಸದಿದ್ದರೆ ಕಾರು ಮೂಗು ತಗ್ಗಿಸಿ ನಿಲ್ಲುತ್ತದೆ. ರೇಡಿಯೇಟರ್ ದೊಡ್ಡದು ಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇರೆಯೇ. 454 ಹೊರಗಿನಿಂದ ಬ್ಯಾಲೆನ್ಸ್ ಮಾಡಿದ ಎಂಜಿನ್, ಹಳೆಯ 350 ಹಾಗಲ್ಲ. 350ರ ಫ್ಲೆಕ್ಸ್‌ಪ್ಲೇಟನ್ನು 454ಕ್ಕೆ ಬಿಗಿದರೆ ಬೋಲ್ಟ್ ಹಿಡಿಯುತ್ತದೆ, ಕಾರು ನಡುಗುತ್ತದೆ. ದೊಡ್ಡ ಟಾರ್ಕು ತಡೆಯಲೆಂದು ಟರ್ಬೊ 400 ಗೇರ್‌ಬಾಕ್ಸ್ ತಂದಿರೋ, ಕ್ರಾಸ್‌ಮೆಂಬರ್ ಹಿಂದಕ್ಕೆ ಸರಿಯಬೇಕು, ಡ್ರೈವ್‌ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿಸಬೇಕು. ಕಂಪನಿ ತನ್ನ ಬಿಗ್ ಬ್ಲಾಕ್ ಷೆವೆಲ್‌ಗೆ 12 ಬೋಲ್ಟಿನ ಹಿಂದಿನ ಆಕ್ಸಲ್ ಹಾಕಿದ್ದು ಶೋಕಿಗಲ್ಲ. ಇಂದು ಆ ಆಕ್ಸಲ್ ಒಂದರ ಬೆಲೆಯೇ ಗುಜರಿ ಎಂಜಿನ್ನಿನ ಬೆಲೆಯನ್ನು ನುಂಗಿ ನೀರು ಕುಡಿಯುತ್ತದೆ.

ಇನ್ನುಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ನಾಲ್ಕು ಬೋಲ್ಟಿನ ಮೇನ್ ಕ್ಯಾಪ್ ಶಕ್ತಿ ಹೆಚ್ಚಿಸುವುದಿಲ್ಲ, ಕ್ರ್ಯಾಂಕನ್ನು ಭದ್ರವಾಗಿ ಹಿಡಿಯುತ್ತದೆ, ಅಷ್ಟೇ. ದೊಡ್ಡ ಕಾರ್ಬ್ಯುರೇಟರ್ ಹಾಕಿದ ಮಾತ್ರಕ್ಕೆ ಕಾರು ಜಿಗಿಯುವುದಿಲ್ಲ; ಅಳತೆ ಮೀರಿದರೆ ಕೆಳಗಿನ ವೇಗದಲ್ಲಿ ಮುಗ್ಗರಿಸುತ್ತದೆ. ಕಂಪ್ರೆಷನ್ ಕಡಿಮೆ ಇರುವ ಎಂಜಿನ್ನಿಗೆ ಹೆಚ್ಚು ಆಕ್ಟೇನ್ ಪೆಟ್ರೋಲು ಕುಡಿಸುವುದು ದಂಡ.

ಇಷ್ಟೆಲ್ಲ ಗುಟ್ಟೇನಲ್ಲ, ಯಾವ ಹಳೆಯ ಮೆಕ್ಯಾನಿಕ್ ಕೂಡ ಹೇಳಿಯಾನು. ಆದರೆ ಅವನನ್ನು ಕೇಳುವವರಾರು? ವಿಡಿಯೊದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಎಂಜಿನ್ ಕೂತು ಗುಡುಗುತ್ತದೆ. ಲೇತಿನ ಬಿಲ್ಲು, ತಿಂಗಳುಗಟ್ಟಲೆ ಬಾರದ ಬಿಡಿಭಾಗ ಎಲ್ಲ ಎಡಿಟಿಂಗಿನಲ್ಲಿ ಮಾಯ. ಭೂಮಿ, ಷೇರು, ಔಷಧಿ ಯಾವುದೇ ಇರಲಿ, ಕಣ್ಣಿಗೆ ಬಿದ್ದ ಮೊದಲ ಬೆಲೆಯನ್ನೇ ಪೂರ್ತಿ ಬೆಲೆ ಎಂದು ನಂಬಿಬಿಡುತ್ತೇವೆ.

ಬಜೆಟ್ ನಿಜಕ್ಕೂ ಚಿಕ್ಕದಿದ್ದರೆ ಕಾರಿನಲ್ಲಿರುವ 350 ಬ್ಲಾಕನ್ನೇ 0.030 ಇಂಚು ಬೋರ್ ಮಾಡಿಸಿ, ಷೆವರ್ಲೆ 400ರ 3.75 ಇಂಚು ಸ್ಟ್ರೋಕಿನ ಕ್ರ್ಯಾಂಕ್ ಕೂರಿಸಿ. 383 ಘನ ಇಂಚು ಸಿಗುತ್ತದೆ. ತೂಕ ಹೆಚ್ಚುಕಡಿಮೆ ಅಷ್ಟೇ, ಮೌಂಟ್ ಅದೇ, ಎಕ್ಸಾಸ್ಟ್ ಮ್ಯಾನಿಫೋಲ್ಡೂ ಅದೇ.