ಸಾಮು, ಕುಣಿತ ಮತ್ತು ಕಾಲುಬಲ: ಪುರವರ ಸೀಮೆಯ ವೀರಕಲೆಗಳ ಒಂದು ತೌಲನಿಕ ವಿವೇಚನೆ

ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯನ್ನೊಳಗೊಂಡ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯು ಬೆಟ್ಟದ ಕೋಟೆಗಳ ಹಾಗೂ ಪಾಳೆಯಗಾರರ ನಾಡು. ಈ ಸೀಮೆ ಸೇರಿರುವ ತುಮಕೂರು ಜಿಲ್ಲೆಯ ವೀರಪರಂಪರೆಯಲ್ಲಿ ಗರಡಿಯ ಸಾಮು, ವೀರಗಾಸೆ ಮತ್ತು ಮೂಡಲಪಾಯ ಯಕ್ಷಗಾನಗಳಿಗೆ ವಿಶಿಷ್ಟ ಸ್ಥಾನವಿದೆ. ಇವುಗಳ ಕಥೆ, ವೇಷ, ವಾದ್ಯಗಳನ್ನು ಕುರಿತು ಸಾಕಷ್ಟು ಅಧ್ಯಯನ ನಡೆದಿದೆ. ಆದರೆ ಕಲಾವಿದನ ಕಾಲುಬಲವನ್ನು ಅವನು ಹಾರಿದ ಎತ್ತರದಿಂದಲೇ ಅಳೆಯುವ ರೂಢಿ ಉಳಿದುಬಂದಿದೆ. ಈ ಅಳತೆ ಎಷ್ಟು ನ್ಯಾಯವಾದುದು ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಗರಡಿಯಲ್ಲಿ ದಂಡ ಮತ್ತು ಬಸ್ಕಿಗಳು ಮುಖ್ಯ ಸಾಧನೆಗಳು. ಬಸ್ಕಿಯು ತೊಡೆಯ ಸ್ನಾಯುಗಳಿಗೆ ಬಲವನ್ನೂ ದೀರ್ಘಕಾಲ ದಣಿಯದ ತ್ರಾಣವನ್ನೂ ನೀಡುತ್ತದೆ. ವೀರಗಾಸೆಯ ನೆಗೆತದ ಬಗೆ ಬೇರೆ. ನೆಲಕ್ಕಿಳಿದೊಡನೆ ಹಿಗ್ಗುವ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜುಗಳು, ಆ ಹಿಗ್ಗಿನ ಶಕ್ತಿಯ ಒಂದು ಭಾಗವನ್ನು ಮರುಕ್ಷಣವೇ ಮುಂದಿನ ನೆಗೆತಕ್ಕೆ ಹಿಂದಿರುಗಿಸುತ್ತವೆ. ಮೊದಲನೆಯದರಲ್ಲಿ ಬಲವೇ ಪ್ರಧಾನ; ಎರಡನೆಯದರಲ್ಲಿ ಬಲದೊಡನೆ ವೇಗವೂ ಕೂಡಿದ ಸಾಮರ್ಥ್ಯ. ಹೊರದೇಶದ ಕಲೆಗಳಲ್ಲಿಯೂ ಇಂತಹ ಭೇದವುಂಟು. ಕರಾಟೆಯ ಕಾತಾದಲ್ಲಿ ನಿಲುವಿನ ಸ್ಥಿರತೆಗೆ ಹೆಚ್ಚಿನ ಬೆಲೆಯಿದ್ದರೆ, ವುಷುವಿನ ತಾವೊಲು ಸ್ಪರ್ಧೆಯಲ್ಲಿ ಗಾಳಿಯಲ್ಲಿ 360, 540, 720 ಡಿಗ್ರಿ ತಿರುಗುವ ನೆಗೆತಗಳಿಗೆ ಪ್ರತ್ಯೇಕ ಅಂಕಗಳಿವೆ.

ಅಮೆರಿಕದ ದೈಹಿಕ ಶಿಕ್ಷಣತಜ್ಞ ಡಡ್ಲಿ ಸಾರ್ಜೆಂಟ್ 1921ರಲ್ಲಿ ನಿಂತಲ್ಲಿಂದ ಮೇಲಕ್ಕೆ ಹಾರುವ ಪರೀಕ್ಷೆಯನ್ನು ಪ್ರಕಟಿಸಿದನು. 1999ರಲ್ಲಿ ಸೇಯರ್ಸ್ ಮತ್ತು ಸಂಗಡಿಗರು ನೀಡಿದ ಸೂತ್ರದಂತೆ, ಸೆಂಟಿಮೀಟರಿನಲ್ಲಿ ಅಳೆದ ಎತ್ತರವನ್ನು 60.7ರಿಂದಲೂ ಕಿಲೋಗ್ರಾಮಿನಲ್ಲಿ ಅಳೆದ ದೇಹತೂಕವನ್ನು 45.3ರಿಂದಲೂ ಗುಣಿಸಿ, ಎರಡನ್ನೂ ಕೂಡಿಸಿ, 2055ನ್ನು ಕಳೆದರೆ ಗರಿಷ್ಠ ಸಾಮರ್ಥ್ಯವು ಅಂದಾಜಾಗಿ ವ್ಯಾಟ್‌ಗಳಲ್ಲಿ ದೊರೆಯುತ್ತದೆ. 55 ಮತ್ತು 70 ಕಿಲೋ ತೂಕದ ಇಬ್ಬರು ತಲಾ 30 ಸೆಂಟಿಮೀಟರ್ ಹಾರಿದರೆಂದು ಭಾವಿಸೋಣ. ಮೊದಲನೆಯವನ ಸಾಮರ್ಥ್ಯ ಸುಮಾರು 2,258 ವ್ಯಾಟ್, ಎರಡನೆಯವನದು 2,937 ವ್ಯಾಟ್. ಕಿಲೋ ಒಂದಕ್ಕೆ ಲೆಕ್ಕ ಹಾಕಿದರೆ ಕ್ರಮವಾಗಿ 41 ಮತ್ತು 42. ಅಂದರೆ ಹೆಚ್ಚುಕಡಿಮೆ ಸಮ. ಆದ್ದರಿಂದ ಎತ್ತರವು ತೂಕಕ್ಕೆ ತಕ್ಕ ಸಾಮರ್ಥ್ಯವನ್ನು ಸೂಚಿಸುತ್ತದೆಯೇ ಹೊರತು ಒಟ್ಟು ಸಾಮರ್ಥ್ಯವನ್ನಲ್ಲ.

ವೇಷದ ಭಾರವನ್ನೂ ಇಲ್ಲಿ ಗಣಿಸಬೇಕು. 60 ಕಿಲೋ ತೂಕದವನು ತನ್ನ ದೇಹವನ್ನು 30 ಸೆಂಟಿಮೀಟರ್ ಎತ್ತಲು ಸುಮಾರು 176 ಜೂಲ್ ಕೆಲಸ ಬೇಕು. ಅಷ್ಟೇ ಕೆಲಸದಿಂದ, 5 ಕಿಲೋ ವೇಷ ತೊಟ್ಟಾಗ ಅವನು ಏರುವುದು ಸುಮಾರು 28 ಸೆಂಟಿಮೀಟರ್ ಮಾತ್ರ. ಮರದ ಕಿರೀಟ, ಭುಜಕೀರ್ತಿಗಳನ್ನು ಹೊತ್ತು ಕುಣಿಯುವ ಮೂಡಲಪಾಯದ ವೇಷಧಾರಿಯನ್ನು ಬರಿಮೈಯ ಪೈಲ್ವಾನನೊಡನೆ ಎತ್ತರವೊಂದರಿಂದಲೇ ಹೋಲಿಸುವುದು ಉಚಿತವಲ್ಲ. ಮೇಲಾಗಿ ಕುಣಿತದಲ್ಲಿ ನೆಗೆತವು ಒಂದೇ ಬಾರಿಗೆ ಮುಗಿಯುವುದಿಲ್ಲ. ಬಾಸ್ಕೋ ಮತ್ತು ಸಂಗಡಿಗರು 1983ರಲ್ಲಿ ಮಂಡಿಸಿದ ಸತತ ನೆಗೆತದ ಪರೀಕ್ಷೆಯು ಇಂತಹ ಕಲೆಗೆ ಹೆಚ್ಚು ಹೊಂದುತ್ತದೆ.

ಹಿರಿಯ ಕಲಾವಿದರ ಪದಗಳನ್ನು ಧ್ವನಿಮುದ್ರಿಸಿಕೊಳ್ಳಬಹುದು; ವಯಸ್ಸಿನೊಡನೆ ಕುಂದಿದ ನೆಗೆತವನ್ನು ಮರಳಿ ಪಡೆಯಲಾಗದು. ಆದುದರಿಂದ ಕ್ಷೇತ್ರಕಾರ್ಯದಲ್ಲಿ ದೇಹತೂಕ, ವೇಷತೂಕ, ಒಂಟಿ ನೆಗೆತ, ಸತತ ನೆಗೆತ ಹಾಗೂ ಮಂಡಿಯ ಆರೋಗ್ಯ ಈ ಐದನ್ನೂ ದಾಖಲಿಸುವುದು ಅತ್ಯಗತ್ಯ. ಹಾಗಾದಲ್ಲಿ ಕಲಾವಿದನ ದೇಹವೂ ಜಾನಪದದ ಒಂದು ಆಕರವೆಂಬ ಮಾತು ಸಾರ್ಥಕವಾದೀತು.