ಕೊಲಂಬೊ ದಾರಿಯಲ್ಲಿ ಬಂದ ಕಾಳುಮೆಣಸು

ಫೆಬ್ರುವರಿ ಬಂತೆಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಏಣಿಗಳು ಏಳುತ್ತವೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಹತ್ತಿದವನು ಸೊಂಟಕ್ಕೆ ಚೀಲ ಕಟ್ಟಿಕೊಂಡು, ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಗಿದೆಯೇ ಎಂದು ನೋಡಿ ಕೊಯ್ಯುತ್ತಾನೆ. ಕೆಳಗೆ ಕಣದಲ್ಲಿ ಹರವಿದ ಹಸಿರು ಕಾಳು ಬಿಸಿಲಿಗೆ ಕಪ್ಪಾಗಿ ಸುಕ್ಕುಗಟ್ಟುತ್ತದೆ. ಆ ಕಣದಲ್ಲಿ ಬೆಲೆಯ ಮಾತೆದ್ದಾಗ ಕೆಲವು ವರ್ಷಗಳಿಂದ ಒಂದು ಸಂಖ್ಯೆ ಬಾರದೇ ಹೋಗುವುದಿಲ್ಲ: ಕೆ.ಜಿ.ಗೆ 500 ರೂಪಾಯಿ. ಅದಕ್ಕಿಂತ ಅಗ್ಗದ ವಿದೇಶಿ ಮೆಣಸು ನಮ್ಮ ಬಂದರಿಗೆ ಇಳಿಯಬಾರದೆಂದು ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಎಳೆದ ಗೆರೆ ಅದು. ಆ ಗೆರೆಯ ಜಾಡು ಹಿಡಿದು ಹೋದರೆ ನಾವು ತಲುಪುವುದು ದೆಹಲಿ ಮತ್ತು ಕೊಲಂಬೊ ನಡುವಿನ ಒಂದು ಹಳೆಯ ಸ್ನೇಹದ ಪತ್ರಕ್ಕೆ.

1990ರಲ್ಲಿ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕಾದಿಂದ ವಾಪಸಾಯಿತು. ಮರುವರ್ಷ ರಾಜೀವ್ ಗಾಂಧಿ ಹತ್ಯೆಯಾಯಿತು. ಆಮೇಲೆ ಎರಡೂ ದೇಶಗಳ ನಡುವೆ ಮಾತುಕತೆಗೇ ಒಂದು ಬಗೆಯ ಹಿಂಜರಿಕೆ. ಸಾರ್ಕ್ ಮೂಲಕ ವ್ಯಾಪಾರ ಬೆಳೆಸೋಣವೆಂದರೆ ಅಲ್ಲಿ ಭಾರತ–ಪಾಕಿಸ್ತಾನದ ಜಗಳವೇ ಮುಗಿಯದು. 1996ರಲ್ಲಿ ನಮ್ಮ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ವಿದೇಶಾಂಗ ಸಚಿವರಾಗಿದ್ದ ಐ.ಕೆ. ಗುಜ್ರಾಲ್ ಹೊಸದೊಂದು ನೀತಿ ಮುಂದಿಟ್ಟರು. ನೇಪಾಳ, ಬಾಂಗ್ಲಾದೇಶ, ಭೂತಾನ್, ಮಾಲ್ಡೀವ್ಸ್, ಶ್ರೀಲಂಕಾದಂಥ ನೆರೆಯವರ ಜತೆ ಭಾರತ ಕೊಟ್ಟಷ್ಟನ್ನೇ ತಿರುಗಿ ಕೇಳುವುದಿಲ್ಲ, ದೊಡ್ಡವನಾಗಿ ಕೈಬಿಚ್ಚಿ ಕೊಡುತ್ತದೆ ಎಂಬುದು ಅದರ ತಿರುಳು. ಸರ್ಕಾರಗಳು ಬದಲಾದರೂ ನೀತಿ ಉಳಿಯಿತು. 1998ರ ಡಿಸೆಂಬರ್ 28ರಂದು ದೆಹಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಮತ್ತು ಚಂದ್ರಿಕಾ ಕುಮಾರತುಂಗ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದರು. ಅದು ಜಾರಿಗೆ ಬಂದದ್ದು 2000ದ ಮಾರ್ಚ್ 1ರಂದು.

ಒಪ್ಪಂದದ ಒಳಗೂ ಆ ಧಾರಾಳತನ ಕಾಣುತ್ತದೆ. ಸುಂಕ ಇಳಿಸಲು ಭಾರತ ತನಗಿಟ್ಟುಕೊಂಡ ಅವಧಿ ಮೂರು ವರ್ಷ, ಶ್ರೀಲಂಕಾಕ್ಕೆ ಕೊಟ್ಟದ್ದು ಎಂಟು. ಸುಂಕ ವಿನಾಯಿತಿಯಿಂದ ಹೊರಗಿಡುವ ಸರಕುಗಳ ಪಟ್ಟಿಯೂ ಅವರದೇ ಉದ್ದ. ಇದನ್ನು ತಪ್ಪೆಂದು ನಾನು ಹೇಳಲಾರೆ. ಸುಮಾರು ಎರಡು ಕೋಟಿ ಜನರ ದ್ವೀಪದ ಎದುರು ನೂರು ಕೋಟಿಯ ದೇಶ ಲೆಕ್ಕ ಹಾಕಿ ಕೂರುವುದು ಸಣ್ಣತನವಾಗುತ್ತಿತ್ತು. ತೊಂದರೆ ಎದ್ದದ್ದು ಬೇರೆ ಕಡೆ, ಸರಕು ಹುಟ್ಟಿದ್ದು ಎಲ್ಲಿ ಎಂಬ ಪ್ರಶ್ನೆಯಲ್ಲಿ.

ಆ ಅಪಾಯವನ್ನು ಮೊದಲು ತೋರಿಸಿಕೊಟ್ಟದ್ದು ವನಸ್ಪತಿ. ಆಗ ಶ್ರೀಲಂಕಾದಲ್ಲಿ ತಾಳೆ ಎಣ್ಣೆಯ ಆಮದು ಸುಂಕ ಕಡಿಮೆ ಇತ್ತು, ಭಾರತದಲ್ಲಿ ಜಾಸ್ತಿ. ಹಾಗಾಗಿ ಹೊರಗಿನ ಎಣ್ಣೆಯನ್ನು ಅಲ್ಲಿ ಇಳಿಸಿ, ವನಸ್ಪತಿ ಮಾಡಿ, ಸುಂಕವಿಲ್ಲದೆ ಭಾರತಕ್ಕೆ ತರುವ ಕಾರ್ಖಾನೆಗಳು ಹುಟ್ಟಿಕೊಂಡವು. ಅವುಗಳಲ್ಲಿ ಭಾರತೀಯರ ಬಂಡವಾಳವೂ ಇತ್ತು. ಕೊನೆಗೆ ವರ್ಷಕ್ಕೆ 2.5 ಲಕ್ಷ ಟನ್ ಎಂಬ ಮಿತಿ ಹೇರಬೇಕಾಯಿತು. ಕಾಳುಮೆಣಸಿಗೂ ವರ್ಷಕ್ಕೆ 2,500 ಟನ್ ಮಾತ್ರ ಸುಂಕರಹಿತ ಎಂಬ ಮಿತಿ ಬಂತು.

ಆದರೆ ಮೆಣಸಿಗೆ ಇನ್ನೊಂದು ಬಾಗಿಲಿತ್ತು. 2004ರಲ್ಲಿ ಇಸ್ಲಾಮಾಬಾದಿನಲ್ಲಿ ಸಹಿಯಾದ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದಡಿ, ಮಿತಿ ಮೀರಿದ ಶ್ರೀಲಂಕಾ ಮೆಣಸು ಶೇ 8ರ ಸುಂಕ ಕಟ್ಟಿ ಬರಬಹುದಿತ್ತು. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂ ನೇರವಾಗಿ ಕಳಿಸಿದರೆ ಆಗ ಸುಂಕ ಶೇ 50ಕ್ಕೂ ಮೇಲೆ. ಎಂಟಕ್ಕೂ ಐವತ್ತಕ್ಕೂ ನಡುವಿನ ಈ ಅಂತರವೇ ಆಮಿಷವಾಯಿತು. ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಇಳಿದು, ಶ್ರೀಲಂಕಾದ ಮೂಲ ಪ್ರಮಾಣಪತ್ರ ಹೊತ್ತು ಇಲ್ಲಿಗೆ ಬರುತ್ತಿದೆ ಎಂದು ಬೆಳೆಗಾರರ ಸಂಘಟನೆಗಳು ದೂರು ಕೊಡತೊಡಗಿದವು. ಒಣಗಿದ ಕಾಳಿನ ಮೇಲೆ ಊರಿನ ಹೆಸರಿರುವುದಿಲ್ಲ. ಒಂದು ಹಿಡಿ ಅದರಿಂದ, ಒಂದು ಹಿಡಿ ಇದರಿಂದ ಬೆರೆಸಿಟ್ಟರೆ ಪಳಗಿದ ವ್ಯಾಪಾರಿಗೂ ಬೇರ್ಪಡಿಸುವುದು ಕಷ್ಟ.

ಕೆ.ಜಿ.ಗೆ 700 ರೂಪಾಯಿಯ ಆಸುಪಾಸು ಮುಟ್ಟಿದ್ದ ಬೆಲೆ 2017ರಲ್ಲಿ ಜಾರುತ್ತಾ ಹೋಯಿತು. ವಿಯೆಟ್ನಾಂನ ಭಾರೀ ಫಸಲೂ ಅದಕ್ಕೆ ಕಾರಣ, ಎಲ್ಲವನ್ನೂ ಕೊಲಂಬೊ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಕಾಫಿ ಬೆಲೆ ಕೈಕೊಟ್ಟ ವರ್ಷ ಮನೆ ನಡೆಸುತ್ತಿದ್ದದ್ದೇ ಮೆಣಸು. ಸೊರಗು ರೋಗಕ್ಕೆ ಬಳ್ಳಿ ಕಳೆದುಕೊಂಡು ಮತ್ತೆ ನೆಟ್ಟು ಮೂರು ನಾಲ್ಕು ವರ್ಷ ಕಾದವನಿಗೆ ಆ ಕುಸಿತ ಎಂಥದ್ದೆಂದು ಸುಂಕದ ಕೋಷ್ಟಕ ಹೇಳುವುದಿಲ್ಲ. ವಾಣಿಜ್ಯ ಸಚಿವರಾಗಿದ್ದ ಸುರೇಶ್ ಪ್ರಭು ಕಾಲದಲ್ಲಿ 500 ರೂಪಾಯಿಯ ಆ ಕನಿಷ್ಠ ಆಮದು ಬೆಲೆ ಬಂದದ್ದು ಈ ಒತ್ತಡದಿಂದ. ಅದೂ ಸಾಲದೆ, 2018ರ ಮಾರ್ಚ್‌ನಲ್ಲಿ 500 ರೂಪಾಯಿಗಿಂತ ಕೆಳಗಿನ ಆಮದನ್ನು ನಿಷೇಧದ ಪಟ್ಟಿಗೇ ಸೇರಿಸಲಾಯಿತು. ಅಗ್ಗದ ಸರಕಿಗೆ ಕಾಗದದ ಮೇಲೆ 500 ಬರೆದು ತರುತ್ತಿದ್ದಾರೆ ಎಂಬ ದೂರು ಆಮೇಲೂ ನಿಲ್ಲಲಿಲ್ಲ. ಮೂಲ ಪ್ರಮಾಣಪತ್ರವೊಂದನ್ನೇ ನಂಬದೆ ಆಮದುದಾರನಿಂದಲೇ ಪುರಾವೆ ಕೇಳುವ ಕಸ್ಟಮ್ಸ್ ನಿಯಮ ಜಾರಿಗೆ ಬಂದದ್ದು 2020ರ ಸೆಪ್ಟೆಂಬರ್ 21ರಂದು, ಅಂದರೆ ಕೊಲಂಬೊ ಒಪ್ಪಂದ ಜಾರಿಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ. ನನ್ನನ್ನು ಕಾಡುವುದು ಈ ಇಪ್ಪತ್ತು ವರ್ಷ.

ಅಷ್ಟರಲ್ಲಿ ದೆಹಲಿಯ ಆದ್ಯತೆಯೂ ತಿರುಗಿತ್ತು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ, ಏಳು ವರ್ಷ ಮಾತುಕತೆ ನಡೆಸಿದ್ದ ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ (ಆರ್‌ಸಿಇಪಿ) ಎಂಬ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿಯಿತು. ನ್ಯೂಜಿಲೆಂಡಿನ ಹಾಲಿನ ಪುಡಿಯ ಭಯದಿಂದ ದೇಶದ ಹಾಲು ಉತ್ಪಾದಕರು ಎತ್ತಿದ್ದ ದನಿ ಅಲ್ಲಿಗೆ ಮುಟ್ಟಿತ್ತು. ನಮ್ಮ ಹಳ್ಳಿಯ ಡೇರಿಗೆ ಬೆಳಗಾಗೆದ್ದು ಕ್ಯಾನ್ ಹೊತ್ತು ಬರುವ ಹೆಂಗಸರ ಸಂಖ್ಯಾಬಲ ಮೆಣಸಿನ ಬೆಳೆಗಾರನಿಗೆ ಎಂದೂ ಇರಲಿಲ್ಲ.

ಇಲ್ಲಿ ಮರೆಯಬಾರದ ಇನ್ನೊಬ್ಬರಿದ್ದಾರೆ. ಶ್ರೀಲಂಕಾದ ಮಾತಳೆಯಲ್ಲಿ ಮನೆ ಹಿತ್ತಲಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವರೂ ಸಣ್ಣ ರೈತರೇ. ಹೊರಗಿನ ಮೆಣಸು ತಮ್ಮ ದೇಶದ ಹೆಸರಿನಲ್ಲಿ ಮಾರಾಟವಾದಾಗ ಅವರ ಬೆಳೆಗೂ ಬೆಲೆ ಸಿಗಲಿಲ್ಲ. ಅವರೂ ದೂರಿದರು. 2019ರ ಕೊನೆಗೆ ಶ್ರೀಲಂಕಾ ಸರ್ಕಾರವೇ ಮರುರಫ್ತಿಗಾಗಿ ಮೆಣಸು ಆಮದು ಮಾಡಿಕೊಳ್ಳುವುದನ್ನು ನಿಷೇಧಿಸಿತು.

ಹಳೆಯ ಒಪ್ಪಂದವನ್ನು ಹಿಗ್ಗಿಸುವ ಮಾತುಕತೆ 2023ರಲ್ಲಿ ಎರಡೂ ದೇಶಗಳ ನಡುವೆ ಮತ್ತೆ ಶುರುವಾಯಿತು. ಮೆಣಸು ಅದರಲ್ಲಿ ಯಾವ ಪಟ್ಟಿಗೆ ಬೀಳುತ್ತದೆ, ಮೂಲ ಪ್ರಮಾಣಪತ್ರವನ್ನು ಯಾರು ಪರೀಕ್ಷಿಸುತ್ತಾರೆ ಎಂದು ಸಕಲೇಶಪುರದಲ್ಲೂ ಕೇಳುತ್ತಾರೆ, ಮಾತಳೆಯಲ್ಲೂ ಕೇಳಬಹುದು.